ಊರು ಬದಲಿಸಿದರೆ ಹೊಸತು ಹುಟ್ಟುತ್ತದೆಯೇ?

ಪ್ರಶ್ನೆ: ಕಾರ್ಖಾನೆಗಳಲ್ಲಿ ಒತ್ತಡ, ಉಷ್ಣತೆ ಅಳೆಯುವ ಉಪಕರಣಗಳನ್ನು ತಯಾರಿಸುವ ಅರುವತ್ತು ಜನರ ಕಂಪನಿ ನಮ್ಮದು, ಇರುವುದು ಸಣ್ಣ ಪಟ್ಟಣದಲ್ಲಿ. ಮೂರು ವರ್ಷಗಳಿಂದ ಹೊಸದೇನನ್ನೂ ಮಾರುಕಟ್ಟೆಗೆ ತಂದಿಲ್ಲ. ದೊಡ್ಡ ತಂತ್ರಜ್ಞಾನ ನಗರಕ್ಕೆ ಹೋದರೆ ಹೊಸ ಆಲೋಚನೆಗಳು ತಾವಾಗಿಯೇ ಬರುತ್ತವೆ ಎನ್ನುತ್ತಾರೆ ನನ್ನ ಪಾಲುದಾರರು. ನನಗೆ ಅನುಮಾನ. ನಮ್ಮ ಎರಡು ಒಳ್ಳೆಯ ಉತ್ಪನ್ನಗಳು ಹುಟ್ಟಿದ್ದು ಪಕ್ಕದ ಕಾರ್ಖಾನೆಯವರು ಮಾಡಿದ ದೂರುಗಳಿಂದ. ಆಗ ನಮ್ಮ ವಿನ್ಯಾಸ ವಿಭಾಗ ವರ್ಕ್‌ಶಾಪಿನ ಪಕ್ಕದಲ್ಲೇ ಇತ್ತು, ಈಗ ಅರ್ಧ ಕಿಲೋಮೀಟರ್ ದೂರದ ಹೊಸ ಕಟ್ಟಡದಲ್ಲಿದೆ. ಕಂಪನಿ ಇರುವ ಜಾಗಕ್ಕೂ ಅದರ ಹೊಸತನಕ್ಕೂ ನಿಜವಾಗಿ ಎಷ್ಟು ನಂಟು?

ಉತ್ತರ: ನಂಟು ಇದೆ, ಗಟ್ಟಿಯಾಗಿಯೇ ಇದೆ. ಆದರೆ ನಿಮ್ಮ ಪಾಲುದಾರರು ಅಂದುಕೊಂಡಂತೆ ಅದು ತಾನಾಗಿ ಕೆಲಸ ಮಾಡುವುದಿಲ್ಲ. ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಯಿತು ಎಂಬ ನಂಬಿಕೆಯಲ್ಲಿ ಊರು ಬದಲಿಸುವ ಕಂಪನಿಗೆ ಮೊದಲು ಸಿಗುವುದು ದುಬಾರಿ ಬಾಡಿಗೆ. ಉಳಿದದ್ದು ಸಿಗುತ್ತದೋ ಇಲ್ಲವೋ ಎಂಬುದು ಇನ್ನೊಂದು ಪ್ರಶ್ನೆಯ ಮೇಲೆ ನಿಂತಿದೆ: ನೀವು ಹತ್ತಿರವಾಗಬೇಕಾದದ್ದು ಯಾರಿಗೆ? ಗಿರಾಕಿಗೋ, ಅದೇ ಕಸುಬಿನ ಬೇರೆ ಎಂಜಿನಿಯರುಗಳಿಗೋ, ವಿಶ್ವವಿದ್ಯಾಲಯಕ್ಕೋ, ನಿಮ್ಮದೇ ವರ್ಕ್‌ಶಾಪಿಗೋ? ಒಬ್ಬರಿಗೆ ಹತ್ತಿರವಾಗಲು ಹೊರಟರೆ ಸಾಮಾನ್ಯವಾಗಿ ಇನ್ನೊಬ್ಬರಿಂದ ದೂರವಾಗುತ್ತೀರಿ.

ಇದಕ್ಕೆ ನನಗೆ ಮೊದಲು ನೆನಪಾಗುವುದು ಲೇಸರ್ ಪ್ರಿಂಟರಿನ ಕಥೆ. 1960ರ ದಶಕದ ಕೊನೆಯಲ್ಲಿ ಗ್ಯಾರಿ ಸ್ಟಾರ್ಕ್‌ವೆದರ್ ಎಂಬ ಎಂಜಿನಿಯರ್ ಜೆರಾಕ್ಸ್ ಕಂಪನಿಯಲ್ಲಿದ್ದರು. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ಬಳಿ, ಕಂಪನಿಯ ಹಳೆಯ ನೆಲೆಯಲ್ಲೇ ಅವರ ಕೆಲಸ. ಲೇಸರ್ ಕಿರಣದಿಂದ ನೇರವಾಗಿ ಕಾಗದದ ಪ್ರತಿ ತೆಗೆಯಬಹುದು ಎಂದು ಅವರಿಗೆ ಹೊಳೆಯಿತು. ಮೇಲಧಿಕಾರಿಗೆ ಅದು ಹಿಡಿಸಲಿಲ್ಲ. ಕಾಪಿಯರ್ ಮಾರಿ ಚೆನ್ನಾಗಿ ಗಳಿಸುತ್ತಿದ್ದ ಜಾಗದಲ್ಲಿ ಅಂಥ ಯೋಚನೆ ತಲೆಹರಟೆಯಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. ಅಷ್ಟರಲ್ಲಿ, 1970ರಲ್ಲಿ, ಜೆರಾಕ್ಸ್ ದೇಶದ ಇನ್ನೊಂದು ತುದಿಯಲ್ಲಿ, ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಹೊಸ ಸಂಶೋಧನಾ ಕೇಂದ್ರ ತೆರೆದಿತ್ತು. ಸ್ಟಾರ್ಕ್‌ವೆದರ್ 1971ರಲ್ಲಿ ಅಲ್ಲಿಗೆ ವರ್ಗ ಮಾಡಿಸಿಕೊಂಡರು, ವರ್ಷ ತುಂಬುವುದರೊಳಗೆ ಯಂತ್ರ ಓಡಿಸಿ ತೋರಿಸಿದರು. ಅದೇ ಮನುಷ್ಯ, ಅದೇ ಕಂಪನಿ, ಅದೇ ಯೋಚನೆ. ಬದಲಾದದ್ದು ಜಾಗ, ಜಾಗದ ಜೊತೆಗೆ ಅಕ್ಕಪಕ್ಕದ ಜನ. ಜಾಗದ ಶಕ್ತಿ ತೋರಿಸಲು ಇದಕ್ಕಿಂತ ಸ್ವಚ್ಛವಾದ ಪ್ರಯೋಗ ಸಿಗುವುದು ಕಷ್ಟ.

ಆದರೆ ಕಥೆಗೆ ಇನ್ನೊಂದು ಮಗ್ಗುಲಿದೆ. ಅದೇ ಪಾಲೊ ಆಲ್ಟೊ ಕೇಂದ್ರ 1973ರಲ್ಲಿ ಆಲ್ಟೊ ಎಂಬ ಕಂಪ್ಯೂಟರ್ ಮಾಡಿತು. ಪರದೆಯ ಮೇಲೆ ಕಿಟಕಿಗಳು, ಕೈಯಲ್ಲಿ ಮೌಸ್, ಒಂದು ಯಂತ್ರಕ್ಕೆ ಇನ್ನೊಂದನ್ನು ಬೆಸೆಯುವ ಈಥರ್ನೆಟ್: ಇವತ್ತು ನಾವು ಬಳಸುವುದರಲ್ಲಿ ಬಹುಪಾಲು ಅಲ್ಲಿತ್ತು. ಜೆರಾಕ್ಸ್ ಅದನ್ನು ದೊಡ್ಡ ವ್ಯಾಪಾರವಾಗಿ ಬೆಳೆಸಲಿಲ್ಲ. 1979ರಲ್ಲಿ ಆಪಲ್‌ನ ಸ್ಟೀವ್ ಜಾಬ್ಸ್ ಬಂದು ನೋಡಿಕೊಂಡು ಹೋದರು, 1984ರಲ್ಲಿ ಮ್ಯಾಕಿಂಟಾಷ್ ಬಂತು. ಮುಖ್ಯ ಕಚೇರಿಯಿಂದ ದೂರವಿದ್ದದ್ದರಿಂದ ಸಂಶೋಧಕರಿಗೆ ಸ್ವಾತಂತ್ರ್ಯ ಸಿಕ್ಕಿತು. ಅದೇ ದೂರದಿಂದ, ಅವರು ಏನು ಮಾಡಿದ್ದಾರೆ ಎಂಬುದೇ ಮಾರುವವರ ತಲೆಗೆ ಹೋಗಲಿಲ್ಲ. ಜೆರಾಕ್ಸ್‌ಗೆ ಹಣ ತಂದದ್ದು ಲೇಸರ್ ಪ್ರಿಂಟರ್, 1977ರಲ್ಲಿ ಮಾರಾಟಕ್ಕೆ ಬಂದದ್ದು. ನನ್ನ ಓದು ಹೀಗೆ: ಕಾಪಿಯರ್ ಮಾರುತ್ತಿದ್ದವರಿಗೆ ಪ್ರಿಂಟರ್ ಎಂದರೆ ಅರ್ಥವಾಯಿತು, ಕಂಪ್ಯೂಟರ್ ಅರ್ಥವಾಗಲಿಲ್ಲ. ನೆಲದ ಅಂತರ ಎರಡಕ್ಕೂ ಒಂದೇ ಇತ್ತು, ತಲೆಯೊಳಗಿನ ಅಂತರ ಬೇರೆಬೇರೆ. ನಕ್ಷೆಯನ್ನಷ್ಟೇ ನೋಡಿ ತೀರ್ಮಾನ ಮಾಡುವವರು ಎಡವುವುದು ಇಲ್ಲೇ.

ಇನ್ನು ಹತ್ತಿರವಿದ್ದರೆ ಲಾಭವೇನು? ಬ್ರಿಟಿಷ್ ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್ 1890ರಲ್ಲೇ ಹೇಳಿದ್ದ ಮಾತು ಇದು: ಒಂದೇ ಕಸುಬಿನವರು ಒಂದೆಡೆ ನೆಲೆಸಿದರೆ ಕಸುಬಿನ ಗುಟ್ಟುಗಳು ಗುಟ್ಟಾಗಿ ಉಳಿಯುವುದಿಲ್ಲ, ಗಾಳಿಯಲ್ಲಿದ್ದಂತೆ ಇರುತ್ತವೆ, ಮಕ್ಕಳು ಕೂಡ ಅರಿವಿಲ್ಲದೆ ಕಲಿಯುತ್ತಾರೆ. ನೂರು ವರ್ಷ ಇದು ಸೊಗಸಾದ ಮಾತಾಗಿಯೇ ಉಳಿಯಿತು, ಗಾಳಿಯನ್ನು ಅಳೆಯುವುದು ಹೇಗೆಂದು ಯಾರಿಗೂ ತಿಳಿದಿರಲಿಲ್ಲ. 1993ರಲ್ಲಿ ಅರ್ಥಶಾಸ್ತ್ರಜ್ಞರಾದ ಆಡಂ ಜಾಫೆ, ಮ್ಯಾನುಯೆಲ್ ಟ್ರಾಕ್ಟೆನ್‌ಬರ್ಗ್, ರೆಬೆಕಾ ಹೆಂಡರ್ಸನ್ ಒಂದು ಉಪಾಯ ಮಾಡಿದರು. ಪ್ರತಿ ಪೇಟೆಂಟಿನಲ್ಲೂ ಹಿಂದಿನ ಯಾವ ಪೇಟೆಂಟುಗಳಿಂದ ಮುಂದುವರಿದದ್ದು ಎಂಬ ಉಲ್ಲೇಖ ಇರುತ್ತದೆಯಲ್ಲ, ಆ ಉಲ್ಲೇಖಗಳ ಜಾಡು ಹಿಡಿದರು. ಕಂಪನಿ ತನ್ನದನ್ನೇ ಉಲ್ಲೇಖಿಸಿದ್ದನ್ನು ಬಿಟ್ಟರು, ಆ ಕೈಗಾರಿಕೆ ಮೊದಲೇ ಅಲ್ಲಿ ಗುಂಪುಗೂಡಿತ್ತು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ಆಮೇಲೂ ಪೇಟೆಂಟುಗಳು ತಮ್ಮದೇ ಊರಿನ ಪೇಟೆಂಟುಗಳನ್ನು ನಿರೀಕ್ಷೆಗಿಂತ ಹೆಚ್ಚು ಉಲ್ಲೇಖಿಸುತ್ತಿದ್ದವು. ಜಗತ್ತಿನ ಯಾವ ಮೂಲೆಯಲ್ಲಿ ಕುಳಿತರೂ ಓದಬಹುದಾದ ದಾಖಲೆಗಳ ವಿಷಯದಲ್ಲೇ ಹೀಗೆ.

ಇದಕ್ಕಿಂತ ನನ್ನನ್ನು ಹೆಚ್ಚು ಒಪ್ಪಿಸಿದ್ದು ಅರ್ಥಶಾಸ್ತ್ರಜ್ಞ ಎನ್ರಿಕೊ ಮೊರೆಟ್ಟಿ ಅವರ ಅಧ್ಯಯನ. ರಾಚೆಸ್ಟರ್ ಕೊಡಾಕ್ ಕಂಪನಿಯ ಊರೂ ಹೌದು. ಡಿಜಿಟಲ್ ಕ್ಯಾಮೆರಾ ಬಂದು ಫಿಲ್ಮಿನ ಕಾಲ ಮುಗಿದಾಗ ಕೊಡಾಕ್ ಸೊರಗಿತು, 2012ರಲ್ಲಿ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು. ಮೊರೆಟ್ಟಿ ನೋಡಿದ್ದು ಕೊಡಾಕ್‌ನವರನ್ನಲ್ಲ. ಅದೇ ಊರಿನಲ್ಲಿದ್ದ, ಫೋಟೊಗ್ರಫಿಗೆ ಸಂಬಂಧವಿಲ್ಲದ ಬೇರೆ ಕಂಪನಿಗಳ ಆವಿಷ್ಕಾರಕರನ್ನು. ಅವರ ಪೇಟೆಂಟುಗಳೂ ಇಳಿದಿದ್ದವು. ಊರಿನ ದೊಡ್ಡ ಮರ ಬಿದ್ದಾಗ ನೆರಳಲ್ಲಿದ್ದವರಿಗೂ ಬಿಸಿಲು ತಾಗಿತು.

ಬರೆದಿಟ್ಟ ಜ್ಞಾನ ಎಲ್ಲಿಗಾದರೂ ಹೋಗಬಲ್ಲದಾದರೆ ಊರಿನ ಹಂಗೇಕೆ? ಬರೆದಿಡದ ಜ್ಞಾನವೇ ಹೆಚ್ಚು ಎಂಬುದೇ ಉತ್ತರ. ಯಾವ ಅಂಟು ಎಷ್ಟು ಬಿಸಿಗೆ ಕೈಕೊಡುತ್ತದೆ, ಯಾವ ದಾರಿ ಹಿಡಿದು ಎರಡು ವರ್ಷ ದಂಡವಾಯಿತು, ಯಾವ ಪೂರೈಕೆದಾರ ಹೇಳಿದ ದಿನಕ್ಕೆ ಮಾಲು ಕೊಡುವುದಿಲ್ಲ: ಇವನ್ನು ಯಾರೂ ಪ್ರಬಂಧ ಬರೆದು ಪ್ರಕಟಿಸುವುದಿಲ್ಲ. ಊಟದ ಹೊತ್ತಿನಲ್ಲಿ, ಕೆಲಸ ಬಿಟ್ಟು ಹೊರಟಾಗ ಬಾಯಿಂದ ಬಾಯಿಗೆ ಹೋಗುತ್ತವೆ. ಅದಕ್ಕಿಂತ ಹೆಚ್ಚಾಗಿ, ಒಬ್ಬ ಎಂಜಿನಿಯರ್ ಒಂದು ಕಂಪನಿ ಬಿಟ್ಟು ಇನ್ನೊಂದಕ್ಕೆ ಸೇರಿದಾಗ ಅವರ ತಲೆಯ ಜೊತೆಗೇ ಹೋಗುತ್ತವೆ.

ಈ ಕೊನೆಯ ಸಂಗತಿ ಬಹಳ ಮುಖ್ಯ, ನಗರದ ವಿಷಯ ಬಂದಾಗ ಯಾರೂ ಕೇಳದ್ದೂ ಇದನ್ನೇ. ಸಿಲಿಕಾನ್ ವ್ಯಾಲಿ ಹುಟ್ಟಿದ್ದು ಯಾರದೋ ಯೋಜನೆಯಿಂದಲ್ಲ. ಟ್ರಾನ್ಸಿಸ್ಟರ್ ಖ್ಯಾತಿಯ ವಿಲಿಯಂ ಶಾಕ್ಲಿ 1956ರಲ್ಲಿ ತಮ್ಮ ಪ್ರಯೋಗಾಲಯವನ್ನು ಮೌಂಟನ್ ವ್ಯೂನಲ್ಲಿ ತೆರೆಯಲು ಒಂದು ಕಾರಣ, ಅವರ ತಾಯಿ ಪಕ್ಕದ ಪಾಲೊ ಆಲ್ಟೊದಲ್ಲಿದ್ದದ್ದು. ಶಾಕ್ಲಿಯ ಕೈಕೆಳಗೆ ಕೆಲಸ ಮಾಡುವುದು ಕಷ್ಟವಾಗಿ ಮರುವರ್ಷವೇ ಎಂಟು ಜನ ಹೊರನಡೆದು ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಕಟ್ಟಿದರು. ಅಲ್ಲಿಂದ ರಾಬರ್ಟ್ ನಾಯ್ಸ್, ಗಾರ್ಡನ್ ಮೂರ್ 1968ರಲ್ಲಿ ಹೊರಬಂದು ಇಂಟೆಲ್ ಶುರುಮಾಡಿದರು. ಹೀಗೆ ಹೊರನಡೆಯುವುದಕ್ಕೆ ಅಲ್ಲಿನ ಕಾನೂನೂ ಅಡ್ಡ ಬರಲಿಲ್ಲ. ಕೆಲಸ ಬಿಟ್ಟವರು ಪ್ರತಿಸ್ಪರ್ಧಿಯ ಬಳಿ ಸೇರಬಾರದು ಎಂಬ ಕರಾರನ್ನು ಕ್ಯಾಲಿಫೋರ್ನಿಯಾ 1872ರ ಸಂಹಿತೆಯಿಂದಲೇ ಮಾನ್ಯ ಮಾಡುವುದಿಲ್ಲ. ಆ ಕಲಮು ಬರೆದವರಿಗೆ ಕಂಪ್ಯೂಟರ್ ಚಿಪ್‌ನ ಕನಸೂ ಬಿದ್ದಿರಲಾರದು.

ಕಾನೂನಿನ ಪಾತ್ರ ಇಷ್ಟು ದೊಡ್ಡದೇ ಎಂದು ಅನುಮಾನ ಬಂದರೆ ಅಮೆರಿಕದ ಇನ್ನೊಂದು ರಾಜ್ಯ ಮಿಷಿಗನ್ ನೋಡಿ. ಅಲ್ಲೂ ಅಂಥ ಕರಾರಿಗೆ ನಿಷೇಧವಿತ್ತು. 1985ರಲ್ಲಿ ಬೇರೊಂದು ಕಾಯ್ದೆಯನ್ನು ಸುಧಾರಿಸುವ ಗಡಿಬಿಡಿಯಲ್ಲಿ ಈ ನಿಷೇಧವೂ ರದ್ದಾಯಿತು, ಯಾರೂ ಉದ್ದೇಶಪಟ್ಟು ಮಾಡಿದ್ದಲ್ಲ. ಆ ಬಳಿಕ ಅಲ್ಲಿನ ಆವಿಷ್ಕಾರಕರು ಕಂಪನಿ ಬದಲಿಸುವುದು ಕಡಿಮೆಯಾಯಿತು ಎಂದು ಮ್ಯಾಟ್ ಮಾರ್ಕ್ಸ್ ಮತ್ತು ಸಂಗಡಿಗರು 2009ರಲ್ಲಿ ತೋರಿಸಿದರು. ಬದಲಿಸಲೇಬೇಕೆಂದವರಲ್ಲಿ ಕೆಲವರು ಇಂಥ ಕರಾರಿಗೆ ಬೆಲೆಯಿಲ್ಲದ ರಾಜ್ಯಗಳಿಗೆ ಹೊರಟುಹೋದರು. ಅಂದರೆ ‘ನಗರದ ಗಾಳಿ’ ಎಂದು ನಾವು ಕರೆಯುವುದರಲ್ಲಿ ಒಂದು ಪಾಲು ಕಾನೂನಿನ ಪುಸ್ತಕದ್ದು.

ಅದೇ ದೇಶದ ಬಾಸ್ಟನ್ ಸುತ್ತ ‘ರೂಟ್ 128’ ಹೆದ್ದಾರಿಯ ಬದಿಯಲ್ಲಿ ಇನ್ನೊಂದು ಗುಂಪು ಬೆಳೆದಿತ್ತು. ಪ್ರತಿಭೆಗೆ ಬರವಿರಲಿಲ್ಲ, ಎಂಐಟಿ ಎಂಬ ಹೆಸರಾಂತ ತಾಂತ್ರಿಕ ವಿಶ್ವವಿದ್ಯಾಲಯ ಪಕ್ಕದಲ್ಲೇ ಇತ್ತು, ಮಿನಿಕಂಪ್ಯೂಟರ್‌ಗಳಲ್ಲಿ ಅದರದೇ ಮೇಲುಗೈ. ಆದರೆ ಅಲ್ಲಿನ ದೊಡ್ಡ ಕಂಪನಿಗಳು ಬೇಕಾದ್ದನ್ನೆಲ್ಲ ತಮ್ಮ ಗೋಡೆಯೊಳಗೇ ಮಾಡಿಕೊಳ್ಳುತ್ತಿದ್ದವು, ಜನ ಒಂದೇ ಕಂಪನಿಯಲ್ಲಿ ದೀರ್ಘಕಾಲ ಇರುತ್ತಿದ್ದರು, ಪಕ್ಕದ ಕಂಪನಿಯವರ ಜೊತೆ ಮಾತು ಕಡಿಮೆ. ಸಂಶೋಧಕಿ ಅನ್ನಾಲೀ ಸಾಕ್ಸೇನಿಯನ್ 1994ರಲ್ಲಿ ಸಿಲಿಕಾನ್ ವ್ಯಾಲಿ, ರೂಟ್ 128 ಎರಡನ್ನೂ ಅಕ್ಕಪಕ್ಕ ಇಟ್ಟು ಹೋಲಿಸಿದಾಗ ಕಂಡದ್ದು ಇದು. ಪರ್ಸನಲ್ ಕಂಪ್ಯೂಟರ್ ಬಂದಾಗ ಅಲ್ಲಿನ ಹಿರಿಯಣ್ಣ ಡಿಜಿಟಲ್ ಇಕ್ವಿಪ್‌ಮೆಂಟ್ ತತ್ತರಿಸಿತು, 1998ರಲ್ಲಿ ಕಾಂಪ್ಯಾಕ್‌ನ ಪಾಲಾಯಿತು. ಅಕ್ಕಪಕ್ಕ ಇದ್ದರೂ ಬೇಲಿ ಎತ್ತರವಿದ್ದರೆ ಪಕ್ಕದವರಿಂದ ಪ್ರಯೋಜನವಿಲ್ಲ. ನೀವು ಹೋಗಬೇಕೆಂದಿರುವ ನಗರದಲ್ಲಿ ಬೇಲಿ ಎಷ್ಟು ಎತ್ತರ ಎಂದು ನಿಮ್ಮ ಪಾಲುದಾರರನ್ನು ಕೇಳಿ. ಅವರಲ್ಲಿ ಉತ್ತರ ಇದ್ದರೆ ನನಗೂ ತಿಳಿಸಿ, ಏಕೆಂದರೆ ಇದು ಯಾವ ಕರಪತ್ರದಲ್ಲೂ ಇರುವುದಿಲ್ಲ.

ಈಗ ನಿಮ್ಮ ‘ದೂರು’ಗಳ ವಿಷಯ. ನಿಮ್ಮ ಪತ್ರದಲ್ಲಿ ನನಗೆ ಬೆಲೆಬಾಳುವುದಾಗಿ ಕಂಡ ಸಾಲು ಅದು, ನೀವೋ ಅದನ್ನು ಪಕ್ಕದ ಮಾತಿನಂತೆ ಬರೆದಿದ್ದೀರಿ.

ಅರ್ಲ್ ಬಾಕನ್ 1949ರಲ್ಲಿ ಮಿನಿಯಾಪೊಲಿಸ್‌ನ ಒಂದು ಗ್ಯಾರೇಜಿನಲ್ಲಿ ಭಾವಮೈದುನನ ಜೊತೆ ಸೇರಿ ಅಂಗಡಿ ತೆರೆದರು. ಕೆಲಸ: ಆಸ್ಪತ್ರೆಗಳ ಎಲೆಕ್ಟ್ರಾನಿಕ್ ಉಪಕರಣಗಳ ರಿಪೇರಿ. ಅದೇ ಊರಿನ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ವಾಲ್ಟನ್ ಲಿಲ್ಲೆಹೈ ಮಕ್ಕಳ ಹೃದಯ ತೆರೆದು ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಆಮೇಲೆ ಹೃದಯ ಬಡಿತ ತಪ್ಪದಿರಲು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದ ದೊಡ್ಡ ಪೇಸ್‌ಮೇಕರ್ ಬೇಕಾಗುತ್ತಿತ್ತು. 1957ರ ಅಕ್ಟೋಬರ್ 31ರಂದು ಊರಿನಲ್ಲಿ ವಿದ್ಯುತ್ ಹೋಯಿತು, ಒಂದು ಮಗು ತೀರಿಕೊಂಡಿತು. ಬ್ಯಾಟರಿಯಲ್ಲಿ ನಡೆಯುವಂಥದ್ದೇನಾದರೂ ಮಾಡಿಕೊಡಲು ಆಗುತ್ತದೆಯೇ ಎಂದು ಲಿಲ್ಲೆಹೈ ಕೇಳಿದ್ದು ದೊಡ್ಡ ಕಂಪನಿಯನ್ನಲ್ಲ, ತಮ್ಮ ವಾರ್ಡುಗಳಲ್ಲಿ ಓಡಾಡಿಕೊಂಡಿದ್ದ ಈ ರಿಪೇರಿಯವರನ್ನು. ತಾಳ ತೋರಿಸುವ ಮೆಟ್ರೊನೋಮ್‌ನ ಸರ್ಕ್ಯೂಟ್ ಒಂದು ಹವ್ಯಾಸಿ ಪತ್ರಿಕೆಯಲ್ಲಿ ಬಂದಿತ್ತು. ಬಾಕನ್ ಅದನ್ನೇ ಮಾರ್ಪಡಿಸಿ ನಾಲ್ಕು ವಾರಗಳಲ್ಲಿ ಕೈಯಲ್ಲಿ ಹಿಡಿಯಬಹುದಾದ ಪೆಟ್ಟಿಗೆಯೊಂದನ್ನು ತಂದುಕೊಟ್ಟರು. ಮೊದಲು ಪ್ರಾಣಿಯ ಮೇಲೆ ಪರೀಕ್ಷೆಯಾಯಿತು. ಮರುದಿನ ಬಾಕನ್ ಆಸ್ಪತ್ರೆಗೆ ಹೋದಾಗ ಅದು ಆಗಲೇ ಒಂದು ಮಗುವಿಗೆ ಜೋಡಣೆಯಾಗಿತ್ತು. ಆ ಗ್ಯಾರೇಜೇ ಮೆಡ್‌ಟ್ರಾನಿಕ್ ಕಂಪನಿ.

ಇಲ್ಲಿ ಎಲೆಕ್ಟ್ರಾನಿಕ್ಸ್ ರಾಜಧಾನಿ ಯಾವುದೂ ಇಲ್ಲ ಎಂಬುದನ್ನು ಗಮನಿಸಿ. ಇದ್ದದ್ದು ಪಟ್ಟು ಬಿಡದ ಒಬ್ಬ ಗಿರಾಕಿ ಮತ್ತು ಅವರ ಕಣ್ಣಿಗೆ ದಿನಾ ಬೀಳುತ್ತಿದ್ದ ಒಬ್ಬ ಎಂಜಿನಿಯರ್. ಹನಿ ನೀರಾವರಿಯನ್ನು ವ್ಯಾಪಾರವಾಗಿ ಬೆಳೆಸಿದ ನೆಟಾಫಿಮ್ 1965ರಲ್ಲಿ ಹುಟ್ಟಿದ್ದೂ ಇಸ್ರೇಲಿನ ನೆಗೆವ್ ಮರುಭೂಮಿಯ ಒಂದು ಕಿಬ್ಬುಟ್ಸ್‌ನಲ್ಲಿ, ಅಂದರೆ ಎಲ್ಲರೂ ಸೇರಿ ದುಡಿಯುವ ಸಾಮೂಹಿಕ ಹಳ್ಳಿಯಲ್ಲಿ. ನೀರು ಧಾರಾಳವಾಗಿದ್ದ ಕಡೆ ಹನಿ ಲೆಕ್ಕ ಹಾಕುವ ದರ್ದು ಯಾರಿಗಿತ್ತು? ಬಗೆಹರಿಯದ ಕಷ್ಟವೊಂದರ ಪಕ್ಕದಲ್ಲಿ ಇರುವುದೂ ಒಂದು ಒಳ್ಳೆಯ ವಿಳಾಸ. ನಿಮ್ಮ ಪಕ್ಕದ ಕಾರ್ಖಾನೆಯವರು ನಿಮಗೆ ಅಂಥ ನೆರೆಹೊರೆ. ಅವರ ಉಷ್ಣತೆ ಮಾಪಕ ಎಲ್ಲಿ, ಯಾವಾಗ ಕೈಕೊಡುತ್ತದೆ ಎಂಬುದು ನಗರದ ಯಾವ ಸಮಾವೇಶದಲ್ಲೂ ಕೇಳಲು ಸಿಗುವುದಿಲ್ಲ.

ಗುಂಪಿನಲ್ಲಿ ಇರುವುದರ ಕೆಡುಕನ್ನೂ ಹೇಳದಿದ್ದರೆ ಅನ್ಯಾಯವಾದೀತು. ಕೈಗಡಿಯಾರದ ವಿದ್ಯೆ ಸ್ವಿಟ್ಜರ್ಲೆಂಡಿನ ಜೂರಾ ಕಣಿವೆಗಳಲ್ಲಿ ಇದ್ದಷ್ಟು ದಟ್ಟವಾಗಿ ಇನ್ನೆಲ್ಲೂ ಇರಲಿಲ್ಲ. ಹರಳಿನ ಕಂಪನದಿಂದ ಸಮಯ ಅಳೆಯುವ ಕ್ವಾರ್ಟ್ಜ್ ಕೈಗಡಿಯಾರದ ಮೊದಲ ಮಾದರಿ ತಯಾರಾದದ್ದೂ ಅಲ್ಲೇ, ನ್ಯೂಶಾಟೆಲ್‌ನ ಪ್ರಯೋಗಾಲಯದಲ್ಲಿ, 1967ರಲ್ಲಿ. ಆದರೆ 1969ರ ಡಿಸೆಂಬರ್ 25ರಂದು ಅಂಥ ಗಡಿಯಾರವನ್ನು ಮೊದಲು ಮಾರಾಟಕ್ಕಿಟ್ಟದ್ದು ಜಪಾನಿನ ಸೀಕೊ. 1970ರಲ್ಲಿ ಸುಮಾರು 90,000 ಜನರಿಗೆ ಕೆಲಸ ಕೊಟ್ಟಿದ್ದ ಸ್ವಿಸ್ ಗಡಿಯಾರ ಉದ್ಯಮದಲ್ಲಿ 1980ರ ದಶಕದ ನಡುವಿಗೆ ಉಳಿದದ್ದು 30,000ಕ್ಕಿಂತ ತುಸು ಹೆಚ್ಚು. ಗೊತ್ತಿಲ್ಲದೆ ಸೋತರು ಎನ್ನುವಂತಿಲ್ಲ. ಪೂರೈಕೆದಾರ, ತರಬೇತಿ ಶಾಲೆ, ಬ್ಯಾಂಕು, ನೆರೆಯ ಕಂಪನಿ, ಎಲ್ಲರೂ ಹಲ್ಲುಚಕ್ರದ ಭಾಷೆಯಲ್ಲೇ ಯೋಚಿಸುತ್ತಿದ್ದ ಊರಿನಲ್ಲಿ ಬ್ಯಾಟರಿಯಿಂದ ನಡೆಯುವ ಗಡಿಯಾರಕ್ಕೆ ನೆಂಟರೇ ಇರಲಿಲ್ಲ. ಗಾಳಿಯಲ್ಲಿ ವಿದ್ಯೆ ಹರಡಿದ ಹಾಗೆ ಹಟವೂ ಹರಡುತ್ತದೆ.

ಐಬಿಎಂ ತನ್ನ ಪರ್ಸನಲ್ ಕಂಪ್ಯೂಟರ್ ಕೆಲಸವನ್ನು ಮುಖ್ಯ ಕಚೇರಿಯಿಂದ ದೂರದ ಫ್ಲಾರಿಡಾದ ಬೋಕಾ ರಟೋನ್‌ನಲ್ಲಿ ಒಂದು ಸಣ್ಣ ತಂಡಕ್ಕೆ ವಹಿಸಿತ್ತು. ಎಲ್ಲವನ್ನೂ ಮನೆಯೊಳಗೇ ಮಾಡುವ ಕಂಪನಿಯ ಹಳೆಯ ಪದ್ಧತಿ ಬಿಟ್ಟು, ಇಂಟೆಲ್‌ನ ಚಿಪ್, ಮೈಕ್ರೊಸಾಫ್ಟ್‌ನ ತಂತ್ರಾಂಶ ಕೊಂಡು ಅವರು ಸುಮಾರು ಒಂದೇ ವರ್ಷದಲ್ಲಿ ಕೆಲಸ ಮುಗಿಸಿದರು, 1981ರ ಆಗಸ್ಟಿನಲ್ಲಿ ಯಂತ್ರ ಹೊರಬಂತು. ದೂರವಿರುವುದರಿಂದ ಒದಗುವ ಅನುಕೂಲಕ್ಕೆ ಇದು ಸಾಕ್ಷಿ. ಹಾಗಾಗಿ ಸಣ್ಣ ಪಟ್ಟಣದಲ್ಲಿರುವುದನ್ನು ಬರೀ ಕೊರತೆಯೆಂದು ಎಣಿಸಬೇಡಿ.

ಇನ್ನು ಊರಿಗಿಂತ ಚಿಕ್ಕ ಅಳತೆಗೆ ಬರುತ್ತೇನೆ. ನಿಮ್ಮ ಮೂರು ವರ್ಷದ ಬರಕ್ಕೆ ಕಾರಣ ಇಲ್ಲಿರಬಹುದು ಎಂದು ನನ್ನ ಗುಮಾನಿ. ಎಂಐಟಿಯ ಥಾಮಸ್ ಆಲನ್ 1970ರ ದಶಕದಲ್ಲಿ ಎಂಜಿನಿಯರುಗಳು ಯಾರ ಜೊತೆ ಎಷ್ಟು ಸಲ ಮಾತಾಡುತ್ತಾರೆಂದು ಲೆಕ್ಕವಿಟ್ಟರು, ಆಮೇಲೆ ಅವರ ಮೇಜುಗಳ ನಡುವಿನ ಅಂತರ ಅಳೆದರು. ದೂರ ಹೆಚ್ಚಿದಂತೆ ಕೆಲಸದ ಮಾತು ಕಡಿದಾಗಿ ಇಳಿಯುತ್ತದೆ, ಸುಮಾರು 50 ಮೀಟರ್ ದಾಟಿದ ಮೇಲೆ ಹೆಚ್ಚೂಕಡಿಮೆ ನೆಲ ಕಚ್ಚುತ್ತದೆ. ಅಲ್ಲಿಂದಾಚೆ ಪಕ್ಕದ ಕಟ್ಟಡವೂ ಒಂದೇ, ಪಕ್ಕದ ಊರೂ ಒಂದೇ. ಪ್ಯಾರಿಸ್‌ನ ಝ್ಯುಸಿಯು ಎಂಬ ವಿಶ್ವವಿದ್ಯಾಲಯ ಕ್ಯಾಂಪಸ್‌ನಲ್ಲಿ ಕಟ್ಟಡಗಳಿಂದ ಕಲ್ನಾರು (ಆಸ್ಬೆಸ್ಟಾಸ್) ತೆಗೆಯುವ ಸಲುವಾಗಿ ವರ್ಷಗಟ್ಟಲೆ ಪ್ರಯೋಗಾಲಯಗಳನ್ನು ಅಲ್ಲಿಂದಿಲ್ಲಿಗೆ ಸಾಗಿಸಬೇಕಾಯಿತು. ಯಾರ ಪಕ್ಕ ಯಾರು ಎಂಬುದನ್ನು ನಿರ್ಧರಿಸಿದ್ದು ಕಾಮಗಾರಿಯ ಅನುಕೂಲ, ವಿಜ್ಞಾನಿಗಳ ಇಷ್ಟವಲ್ಲ. ಸಂಶೋಧಕ ಕ್ರಿಶ್ಚಿಯನ್ ಕತಲಿನಿ ಇದನ್ನು ಸಹಜ ಪ್ರಯೋಗವೆಂದು ತೆಗೆದುಕೊಂಡು ನೋಡಿದರೆ, ಹೀಗೆ ಅಚಾನಕ್ಕಾಗಿ ನೆರೆಯಾದ ಪ್ರಯೋಗಾಲಯಗಳು ಒಟ್ಟಿಗೆ ಸಂಶೋಧನೆ ಮಾಡುವುದು ಗಣನೀಯವಾಗಿ ಹೆಚ್ಚಿತ್ತು.

ನಿಮ್ಮ ಅರ್ಧ ಕಿಲೋಮೀಟರ್ ಎಂದರೆ ಆಲನ್ ಲೆಕ್ಕದಲ್ಲಿ ಐವತ್ತರ ಹತ್ತುಪಟ್ಟು. ಮೊದಲು ವಿನ್ಯಾಸಕಾರರು ಚಿತ್ರದ ಹಾಳೆ ಹಿಡಿದು ಲೇತ್ ಮುಂದೆ ನಿಂತು ‘ಇದು ಆಗುತ್ತದಾ?’ ಎಂದು ಕೇಳಿದ್ದಿರಬಹುದು. ಈಗ ಮೇಲ್ ಹಾಕುತ್ತಾರೆ. ಉತ್ತರ ಬರುವಷ್ಟರಲ್ಲಿ ಪ್ರಶ್ನೆ ತಣ್ಣಗಾಗಿರುತ್ತದೆ.

ವಿಡಿಯೊ ಕರೆ ಇದೆಯಲ್ಲ ಎನ್ನುವಿರೇನೋ. ಇದೆ, ಗೊತ್ತಿರುವುದನ್ನು ಮುಂದುವರಿಸಲು ಅದು ಚೆನ್ನಾಗಿಯೇ ಒದಗುತ್ತದೆ. ಆದರೆ 2023ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಸುಮಾರು 2 ಕೋಟಿ ಸಂಶೋಧನಾ ಪ್ರಬಂಧಗಳನ್ನೂ 40 ಲಕ್ಷ ಪೇಟೆಂಟುಗಳನ್ನೂ ಜಾಲಾಡಿ, ಬೇರೆಬೇರೆ ಊರುಗಳಲ್ಲಿ ಹಂಚಿಹೋದ ತಂಡಗಳಿಂದ ಹಳೆಯ ದಾರಿಯನ್ನೇ ಬದಲಿಸುವಂಥ ಶೋಧಗಳು ಕಡಿಮೆ ಎಂದಿತು. ಅವರು ಒಟ್ಟಿಗೆ ಮಾಡುವುದು ಹೆಚ್ಚಾಗಿ ತಾಂತ್ರಿಕ ಕೆಲಸ, ಆಲೋಚನೆ ಹೊಸೆಯುವ ಕೆಲಸ ಕಡಿಮೆ. ಹಾಗೆಂದು ದೂರವಿದ್ದರೆ ಏನೂ ಆಗದು ಎಂದಲ್ಲ. ಜಗತ್ತಿನ ಅತಿ ಜಟಿಲ ಯಂತ್ರಗಳಲ್ಲೊಂದಾದ ಚಿಪ್ ಮುದ್ರಣ ಯಂತ್ರವನ್ನು ಎಎಸ್‌ಎಂಎಲ್ ಎಂಬ ಕಂಪನಿ ನೆದರ್ಲೆಂಡ್ಸ್‌ನ ಫೆಲ್ಡ್‌ಹೋವನ್ ಎಂಬ ಸಣ್ಣ ಊರಿನಲ್ಲಿ ಜೋಡಿಸುತ್ತದೆ. ಕನ್ನಡಿಗಳು ಜರ್ಮನಿಯ ಝೈಸ್‌ನಿಂದ ಬರುತ್ತವೆ, ಬೆಳಕಿನ ಮೂಲದ ಕೆಲಸ ಅಮೆರಿಕದ ಸ್ಯಾನ್ ಡಿಯೇಗೊದಲ್ಲಿ. ಯಾರ ಭಾಗ ಎಲ್ಲಿಗೆ ಮುಗಿದು ಇನ್ನೊಬ್ಬರದು ಎಲ್ಲಿ ಶುರುವಾಗುತ್ತದೆ ಎಂಬುದನ್ನು ಖಚಿತವಾಗಿ ಗೆರೆ ಎಳೆದು ಹೇಳಬಹುದಾದಲ್ಲಿ ದೂರವನ್ನು ನಿಭಾಯಿಸಬಹುದು. ಗೆರೆ ಎಲ್ಲಿ ಎಳೆಯಬೇಕೆಂದೇ ತಿಳಿಯದ ಆರಂಭದ ಹಂತದಲ್ಲಿ ಒಂದೇ ಕೋಣೆ ಬೇಕು.

ಪ್ರಯಾಣವೂ ಒಂದು ದಾರಿ. ಹೂಡಿಕೆದಾರರಿಗೂ ಅವರು ಹಣ ಹಾಕಿದ ಕಂಪನಿಗೂ ನಡುವೆ ಹೊಸ ವಿಮಾನ ಮಾರ್ಗ ಬಂದು ಪ್ರಯಾಣದ ಸಮಯ ಉಳಿದಾಗ ಆ ಕಂಪನಿಯ ಪೇಟೆಂಟುಗಳು ಹೆಚ್ಚಿದವು ಎಂದು 2016ರ ಒಂದು ಅಧ್ಯಯನ ತೋರಿಸಿದೆ. ಮನೆ ಸಾಗಿಸದೆಯೇ ಹತ್ತಿರವಾಗಬಹುದು.

ಆದ್ದರಿಂದ ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು ವಿನ್ಯಾಸ ವಿಭಾಗವನ್ನು ವರ್ಕ್‌ಶಾಪಿನ ಪಕ್ಕಕ್ಕೆ ಮರಳಿಸುತ್ತಿದ್ದೆ, ಹೊಸ ಕಟ್ಟಡವನ್ನು ಲೆಕ್ಕಪತ್ರದವರಿಗೆ ಬಿಟ್ಟುಕೊಡುತ್ತಿದ್ದೆ. ಆಮೇಲೆ ಒಂದು ಹಾಳೆ ತೆಗೆದು ಕಳೆದ ಎರಡು ವರ್ಷ ಯಾವ ಯಾವ ತಾಂತ್ರಿಕ ತೊಡಕಿನಲ್ಲಿ ಸಿಕ್ಕಿಬಿದ್ದೆವು, ಆಗ ಯಾರು ಪಕ್ಕದಲ್ಲಿದ್ದಿದ್ದರೆ ಬಿಡಿಸುತ್ತಿದ್ದರು ಎಂದು ಬರೆಯುತ್ತಿದ್ದೆ. ‘ಪರಿಣತರು’ ಎಂದು ಬರೆದರೆ ಸಾಲದು, ಯಾವ ಕೆಲಸದವರು ಎಂದು ಬರೆಯಬೇಕು. ಸೆನ್ಸರ್‌ನ ಸಂಕೇತದಿಂದ ಗದ್ದಲ ಸೋಸುವ ಪ್ರೋಗ್ರಾಂ ಬರೆಯುವವರು ಎಂದು ಹಾಳೆಯ ತುಂಬ ಬಂದರೆ ನಿಮ್ಮ ಪಾಲುದಾರರ ಮಾತಿನಲ್ಲಿ ತಿರುಳಿದೆ, ಅಂಥವರು ನಗರದಲ್ಲೇ ಸಿಗುವುದು. ಆಗಲೂ ಅರುವತ್ತು ಜನರನ್ನು ಕಿತ್ತು ನೆಡಬೇಡಿ. ಇಬ್ಬರೋ ಮೂವರೋ ಕೂರುವಷ್ಟು ಜಾಗ ಬಾಡಿಗೆಗೆ ಹಿಡಿದು ವರ್ಷ ಕಾಲ ನೋಡಿ. ಅಲ್ಲಿಗೆ ಕಳಿಸುವವರು ನಿಮ್ಮ ಹಳೆಯ ನಂಬಿಕಸ್ತರೇ ಆಗಿರಲಿ. ಹೊಸದಾಗಿ ಸೇರಿಸಿಕೊಂಡವರನ್ನಷ್ಟೇ ಅಲ್ಲಿ ಕೂರಿಸಿದರೆ ನಿಮಗೊಂದು ಪಾಲೊ ಆಲ್ಟೊ ಸಿಗುತ್ತದೆ: ಅವರು ಮಾಡಿದ್ದು ಇಲ್ಲಿಯವರಿಗೆ ಅರ್ಥವಾಗುವುದಿಲ್ಲ. ತಿಂಗಳಿಗೊಮ್ಮೆ ಅವರು ಇಲ್ಲಿಗೆ ಬಂದು ವರ್ಕ್‌ಶಾಪಿನಲ್ಲಿ ಎರಡು ದಿನ ಕಳೆಯುವುದನ್ನು ನಿಯಮ ಮಾಡಿ, ಪ್ರಯಾಣದ ಖರ್ಚನ್ನು ಸಂಶೋಧನೆಯ ಲೆಕ್ಕಕ್ಕೇ ಹಾಕಿ.

ಹಾಳೆಯ ತುಂಬ ‘ಪಕ್ಕದ ಕಾರ್ಖಾನೆಯ ಶಿಫ್ಟ್ ಮೇಲ್ವಿಚಾರಕರು’ ಎಂದೇ ಬಂದರೆ? ಆಗ ನಿಮ್ಮ ವಿನ್ಯಾಸಕಾರರಲ್ಲಿ ಒಬ್ಬರಿಗೆ ವಾರದಲ್ಲಿ ಒಂದು ದಿನ ಅಲ್ಲಿ ಕೂರಲು ಮೇಜು ಕೇಳಿ. ದೂರು ಬರಲಿ ಎಂದು ಕಾಯುವುದು ಬೇಡ, ಅದು ಹುಟ್ಟುವಾಗಲೇ ಅಲ್ಲಿರಲಿ.